ಕುದುರೆ ಓಡಲೇ ಇಲ್ಲ, ದರ ಮಾತ್ರ ಓಡಿತು: ಆಡ್ಸ್ ಟ್ರ್ಯಾಕರ್ ಎಲ್ಲಿಗೆ ಬಂತು

ಬ್ರಿಟನ್ನಿನ ಕುದುರೆ ರೇಸ್‌ಗಳಲ್ಲಿ ಓಟಕ್ಕೆ ಮುಂಚೆ ಯಾವ ಕುದುರೆಯ ದರ (ಕಟ್ಟಿದ ಒಂದು ಪೌಂಡ್‌ಗೆ, ಗೆದ್ದರೆ ಒಟ್ಟು ಸಿಗುವ ದುಡ್ಡು) ಎಷ್ಟು ಜರುಗಿತು ಅಂತ ತೋರಿಸುವ ನನ್ನ ಪುಟ್ಟ ಟೂಲ್ ಈಗ ಒಂದು ಹಂತಕ್ಕೆ ಬಂದಿದೆ. ಗ್ರಾಫ್ ಬರುತ್ತಿದೆ, ಪಟ್ಟಿಯೂ ಬರುತ್ತಿದೆ. ಆ ಪಟ್ಟಿಯ ತುದಿಯಲ್ಲಿ ಯಾವ ಕುದುರೆ ಕೂರಬೇಕು ಅನ್ನೋದೇ ಈಗಿನ ತಲೆನೋವು.

ಡೇಟಾ ಬೆಟ್‌ಫೇರ್‌ದು. ಅದು ಬುಕ್ಕಿ ಅಲ್ಲ, 2000ದಲ್ಲಿ ಶುರುವಾದ ಎಕ್ಸ್‌ಚೇಂಜ್. ಈ ಕುದುರೆ ಗೆಲ್ಲುತ್ತದೆ ಅಂತ ಒಬ್ಬ ದುಡ್ಡು ಕಟ್ಟಿದರೆ, ಗೆಲ್ಲಲ್ಲ ಅಂತ ಎದುರಿಗೆ ಇನ್ನೊಬ್ಬ ಕಟ್ಟುತ್ತಾನೆ. ದುಡ್ಡು ಬಿದ್ದು ದರ ಇಳಿದ ಕುದುರೆ ‘ಸ್ಟೀಮರ್’, ಯಾರಿಗೂ ಬೇಡವಾಗಿ ಏರಿದ್ದು ‘ಡ್ರಿಫ್ಟರ್’.

ಹಳೇ ದರಗಳ ಉಚಿತ ಪ್ಲಾನ್ ಬಳಸುತ್ತಿದ್ದೇನೆ. ಒಂದೊಂದು ಮಾರ್ಕೆಟ್‌ಗೆ (ಒಂದು ರೇಸ್‌ನ ಒಂದು ಬಗೆಯ ಬಾಜಿಗೆ) ಒಂದೊಂದು ಬಿಝಡ್2 ಅನ್ನೋ ಕುಗ್ಗಿಸಿದ ಫೈಲ್, ಬಿಚ್ಚಿದರೆ ಸಾಲುಸಾಲು ಜೇಸನ್ ರೂಪದ ಡೇಟಾ. ‘ಪಿಟಿ’ ಅಂದರೆ ಮಿಲಿಸೆಕೆಂಡ್ ಲೆಕ್ಕದ ಸಮಯ, ‘ಎಲ್‌ಟಿಪಿ’ ಅಂದರೆ ಕೊನೆಗೆ ಕುದುರಿದ ದರ. ದರ ಬದಲಾದ ಕುದುರೆಗಳ ಹೆಸರು ಮಾತ್ರ ಸಾಲಿನಲ್ಲಿರುತ್ತದೆ. ಹೆಸರು ಅಂದೆ, ನಿಜಕ್ಕೂ ಬರೀ ಐಡಿ ನಂಬರ್. ಉಳಿದವುಗಳ ಹಿಂದಿನ ದರವನ್ನು ನಾವೇ ಮುಂದಕ್ಕೆ ಹೊತ್ತು ತರಬೇಕು. ಪೈಥಾನ್‌ನಲ್ಲಿ ಓದಿ ಡಕ್‌ಡಿಬಿ ಅನ್ನೋ ಡೇಟಾಬೇಸ್‌ಗೆ ಸುರಿಯುತ್ತೇನೆ. ಅಷ್ಟು ಸಲೀಸು.

ಸಮಯದ ವಿಷಯ ಸ್ವಲ್ಪ ಕಿರಿಕಿರಿ. ಫೈಲಿನಲ್ಲಿರುವುದು ಯುಟಿಸಿ, ಬೇಸಿಗೆಯಲ್ಲಿ ಬ್ರಿಟನ್ನಿನ ಗಡಿಯಾರ ಅದಕ್ಕಿಂತ ಒಂದು ಗಂಟೆ ಮುಂದೆ. ಜೂನ್‌ನಲ್ಲಿ ಆಸ್ಕಟ್‌ನ ಮಧ್ಯಾಹ್ನ 2:30ರ ರೇಸ್ ಅಲ್ಲಿ 1:30 ಅಂತ ಕಾಣುತ್ತದೆ. ಸಾಲದ್ದಕ್ಕೆ ರೇಸ್ ಹೇಳಿದ ಹೊತ್ತಿಗೇ ಬಿಡಬೇಕು ಅಂತೇನಿಲ್ಲ. ಯಾವುದೋ ಕುದುರೆ ಗೇಟಿನೊಳಗೆ ಹೋಗಲ್ಲ ಅಂತ ಹಠ ಹಿಡಿದರೆ ಎಲ್ಲರೂ ಕಾಯಬೇಕು. ದೊಡ್ಡ ದುಡ್ಡು ಬೀಳುವುದೇ ಕೊನೇ ನಿಮಿಷಗಳಲ್ಲಿ, ಹಾಗಾಗಿ ಅಲ್ಲಿ ತಪ್ಪಿದರೆ ಗ್ರಾಫ್‌ಗೆ ಅರ್ಥವೇ ಇಲ್ಲ. ಈಗ ನನ್ನ ಸೊನ್ನೆ ನಿಮಿಷ ಅಂದರೆ ಫೈಲಿನಲ್ಲಿ ‘ಇನ್‌ಪ್ಲೇ’ (ಓಟ ಶುರು) ಗುರುತು ಬಿದ್ದ ಗಳಿಗೆ.

ಇನ್ನು ತಲೆನೋವಿಗೆ ಬರೋಣ. ಒಂದು ಕುದುರೆ 20ರಿಂದ 15ಕ್ಕೆ ಇಳಿಯಿತು, ಇನ್ನೊಂದು 2.5ರಿಂದ 2ಕ್ಕೆ. ಯಾವುದು ಜಾಸ್ತಿ ಜರುಗಿತು? ಶೇಕಡಾ ಲೆಕ್ಕದಲ್ಲಿ ಮೊದಲನೆಯದು: 25ಕ್ಕೆ ಎದುರು 20. ಟಿಕ್ ಲೆಕ್ಕದಲ್ಲಿ, ಅಂದರೆ ದರ ಜರುಗಬಹುದಾದ ಅತಿ ಚಿಕ್ಕ ಹೆಜ್ಜೆಗಳ ಲೆಕ್ಕದಲ್ಲಿ, ಎರಡನೆಯದು. 10ರಿಂದ 20ರವರೆಗೆ ಒಂದು ಟಿಕ್ ಅಂದರೆ 0.5, 2ರಿಂದ 3ರವರೆಗೆ ಬರೀ 0.02. ಅಲ್ಲಿ 10 ಟಿಕ್, ಇಲ್ಲಿ 25. ದರವನ್ನು ಗೆಲ್ಲುವ ಸಾಧ್ಯತೆಗೆ ತಿರುಗಿಸಿದರೆ, ಅಂದರೆ 1ನ್ನು ದರದಿಂದ ಭಾಗಿಸಿದರೆ, ಮೊದಲನೆಯದು ಶೇ. 5ರಿಂದ 6.67ಕ್ಕೆ ಬಂತು, ಎರಡನೆಯದು 40ರಿಂದ 50ಕ್ಕೆ. ನಾನು ಹಿಡಿದಿರುವುದು ಈ ಮೂರನೇ ದಾರಿ. ಎಲ್ಲ ಕುದುರೆಗಳ ಸಾಧ್ಯತೆ ಕೂಡಿದರೆ ಸರಿಯಾಗಿ 100 ಬರುವುದಿಲ್ಲ, ಅದನ್ನು 100ಕ್ಕೆ ಸರಿಹೊಂದಿಸಿ ಆಮೇಲೆ ಹೋಲಿಸುತ್ತೇನೆ. ಇದರಲ್ಲಿ ಫೇವರಿಟ್‌ಗಳೇ (ಕಡಿಮೆ ದರದ, ಗೆಲ್ಲುವ ನಿರೀಕ್ಷೆ ಹೆಚ್ಚಿರುವ ಕುದುರೆಗಳೇ) ಪಟ್ಟಿಯಲ್ಲಿ ಮೇಲೆ ಬರುತ್ತವೆ, ನಿಜ. ಆದರೂ 200ರಿಂದ 100ಕ್ಕೆ ಬಿದ್ದ ಬಡಪಾಯಿ ಕುದುರೆ ‘ದಿನದ ದೊಡ್ಡ ಸ್ಟೀಮರ್’ ಅಂತ ಮೆರೆಯುವುದಕ್ಕಿಂತ ವಾಸಿ ಅಲ್ವಾ?

ನಿಜವಾದ ಆಟ ಆಡಿಸಿದ್ದು ಓಡದ ಕುದುರೆಗಳು. 4ರ ದರದ ಫೇವರಿಟ್ ಕೊನೇ ಗಳಿಗೆಯಲ್ಲಿ ಹಿಂದೆ ಸರಿಯಿತು ಅಂದುಕೊಳ್ಳಿ. ಅದರ ಪಾಲಿನ ಶೇ. 25 ಉಳಿದವುಗಳಿಗೆ ಹಂಚಿಹೋಗುತ್ತದೆ. 8ರಲ್ಲಿದ್ದ ಕುದುರೆ ಏನೂ ಮಾಡದೆ 6ಕ್ಕೆ ಬರುತ್ತದೆ. ಟೂಲ್ ಕಣ್ಣಿಗೆ ರೇಸ್‌ನ ಅಷ್ಟೂ ಕುದುರೆಗಳು ಸ್ಟೀಮರ್! ಯಾರಿಗೂ ಯಾವ ಒಳಸುದ್ದಿಯೂ ಇಲ್ಲ, ಎದುರಾಳಿ ಒಬ್ಬ ಕಮ್ಮಿಯಾದ ಅಷ್ಟೇ. ಬೆಟ್‌ಫೇರ್ ಪ್ರತಿ ಕುದುರೆಗೂ ಒಂದು ಕಡಿತದ ಅಂಶ ಕೊಡುತ್ತದೆ, ಅಂದರೆ ಅದು ಹಿಂದೆ ಸರಿದರೆ ಉಳಿದವುಗಳ ದರ ಶೇಕಡಾ ಎಷ್ಟು ಇಳಿಯಬೇಕು ಅನ್ನೋದು, ಫೈಲಿನಲ್ಲೇ ಇದೆ. ಕುದುರೆಯ ಸ್ಥಿತಿ ‘ರಿಮೂವ್ಡ್’ ಆದ ತಕ್ಷಣ ಅದಕ್ಕೂ ಹಿಂದಿನ ದರಗಳನ್ನೆಲ್ಲ ಆ ಅಂಶದಷ್ಟು ಇಳಿಸಿ ಬರೆಯುತ್ತೇನೆ. ಷೇರು ಸ್ಪ್ಲಿಟ್ ಆದಾಗ ಹಳೇ ಬೆಲೆ ತಿದ್ದುತ್ತಾರಲ್ಲ, ಹಾಗೆ. ಗೆಲುವಿನ ಮಾರ್ಕೆಟ್‌ನಲ್ಲಿ ಅಂಶ ಶೇ. 2.5ಕ್ಕಿಂತ ಕಮ್ಮಿ ಇದ್ದರೆ ಬೆಟ್‌ಫೇರ್ ಕಡಿತ ಮಾಡುವುದಿಲ್ಲ. ನಾನು ಆಗಲೂ ಮಾಡುತ್ತೇನೆ. ಅವರದು ದುಡ್ಡಿನ ನಿಯಮ, ನನ್ನದು ಬರೀ ಗೆರೆ.

ಉಚಿತ ಪ್ಲಾನ್‌ನ ಮಿತಿಯನ್ನೂ ಹೇಳಿಬಿಡುತ್ತೇನೆ. ನಿಮಿಷಕ್ಕೊಂದು ದರ, ಎಷ್ಟು ದುಡ್ಡು ಬಿತ್ತು ಅನ್ನೋದು ಇಲ್ಲ. ದರ ಅಲ್ಲಾಡಿಸಿದ್ದು 2 ಪೌಂಡೋ 20 ಸಾವಿರ ಪೌಂಡೋ ಗೊತ್ತಾಗುವುದಿಲ್ಲ. ಬೆಳಗ್ಗಿನ ಖಾಲಿ ಮಾರ್ಕೆಟ್‌ನಲ್ಲಿ ಸುಮ್ನೆ ಒಬ್ಬ ಕೈಯಾಡಿಸಿದರೂ ಗ್ರಾಫ್ ಕುಣಿಯುತ್ತದೆ. ಅದಕ್ಕೇ ಕೊನೆಯ 10 ನಿಮಿಷ ಮಾತ್ರ ದಪ್ಪ ಗೆರೆ, ಅದಕ್ಕೂ ಮೊದಲಿನದ್ದು ಮಸುಕು. ಬೆಂಗಳೂರಿನ ಫ್ರೆಂಡ್ ಒಬ್ಬ ‘ಯಾವ ಕುದುರೆಗೆ ಹಾಕ್ಲಿ?’ ಅಂತ ಕೇಳಿದ. ಅದನ್ನು ಹೇಳುವ ಟೂಲ್ ಇದಲ್ಲಪ್ಪ ಅಂದೆ. ನಾನೂ ಆಡುವುದಿಲ್ಲ.

ಮುಂದಿನದು ಪ್ಲೇಸ್ ಮಾರ್ಕೆಟ್. ಇಲ್ಲಿ ಕುದುರೆ ಗೆಲ್ಲಲೇಬೇಕಿಲ್ಲ, ಮೊದಲ ಕೆಲವು ಸ್ಥಾನಗಳಲ್ಲಿ ಬಂದರೆ ಸಾಕು. ಮೂರು ಸ್ಥಾನ ಇದ್ದರೆ ಸಾಧ್ಯತೆಗಳ ಮೊತ್ತ 100 ಅಲ್ಲ, 300. 8 ಕುದುರೆಗಳ ರೇಸ್‌ನಲ್ಲಿ ಒಂದು ಹಿಂದೆ ಸರಿದರೆ ಬುಕ್ಕಿಗಳು ಸಾಮಾನ್ಯವಾಗಿ ಎರಡೇ ಸ್ಥಾನಕ್ಕೆ ದುಡ್ಡು ಕೊಡುತ್ತಾರೆ, ಎಕ್ಸ್‌ಚೇಂಜ್‌ನಲ್ಲಿ ಮೂರು ಅಂದರೆ ಮೂರೇ. ಗೆಲುವು, ಪ್ಲೇಸ್ ಎರಡನ್ನೂ ಒಂದೇ ಗ್ರಾಫ್‌ಗೆ ಹಾಕುವುದೋ ಬೇಡವೋ ಇನ್ನೂ ತೀರ್ಮಾನ ಮಾಡಿಲ್ಲ.