ಇಂಡಿಯಾ ಆಡಲ್ಲ, ಆದ್ರೂ ದೋಹಾಗೆ ಹೋಗಿದ್ದೆ

ಫುಟ್ಬಾಲ್ ವರ್ಲ್ಡ್ ಕಪ್ ನೋಡೋಕೆ ಹೋಗ್ತೀನಿ ಅಂದ್ರೆ ನಮ್ಮ ದಾವಣಗೆರೇಲಿ ಮೊದಲು ಬರೋ ಪ್ರಶ್ನೆ ಟಿಕೆಟ್ ಎಷ್ಟು ಅಂತಲ್ಲ, ಇಂಡಿಯಾ ಆಡ್ತಾ ಐತಾ ಅಂತ. ಇಲ್ಲ ಅಂದ ತಕ್ಷಣ ಎದುರಿಗಿರೋರಿಗೆ ನಮ್ಮ ಮೇಲೆ ಒಂಥರಾ ಕನಿಕರ. ಹೈಸ್ಕೂಲ್ ಗ್ರೌಂಡಲ್ಲಿ ಒಂದೇ ಹೊತ್ತಿಗೆ ಎಂಟ್ಹತ್ತು ಕ್ರಿಕೆಟ್ ಮ್ಯಾಚ್ ನಡೀತಿರ್ತಾವೆ, ಫುಟ್ಬಾಲ್ ಹಿಡ್ಕೊಂಡು ಹೋದೋನು ಮೂಲೆ ಹುಡುಕಬೇಕು, ಅಂಥ ಊರಲ್ಲಿ ನಾನು ಅರ್ಜೆಂಟೀನಾ ಪಾರ್ಟಿ ಆಗಿದ್ದು ಚಿಕ್ಕಪ್ಪನಿಂದ. 86ರಲ್ಲಿ ದೂರದರ್ಶನದಲ್ಲಿ ಮರಡೋನಾನ ನೋಡಿದ ಮೇಲೆ ಅವರು ಬೇರೆ ಟೀಮಿನ ಹೆಸರೇ ಎತ್ತಿಲ್ಲ, ಮನೇಲಿ ನಮಗೂ ಅದೇ ಬಂತು.

2022ರದ್ದು ಕತಾರಲ್ಲಿ ಅಂದಾಗ ಇದು ಬಿಟ್ರೆ ಇನ್ನು ಆಗಲ್ಲ ಅನ್ನಿಸ್ತು. ವೀಸಾ ರಗಳೆ ಇರಲಿಲ್ಲ, ಮ್ಯಾಚ್ ಟಿಕೆಟ್ ಇದ್ರೆ ಹಯ್ಯಾ ಕಾರ್ಡ್ ಅಂತ ಕೊಡ್ತಿದ್ರು, ದೇಶದೊಳಗೆ ಬಿಡೋದೂ ಅದೇ, ಸ್ಟೇಡಿಯಂ ಒಳಗೆ ಬಿಡೋದೂ ಅದೇ, ಮೆಟ್ರೋ ಬಸ್ಸು ಎಲ್ಲ ಅದರಲ್ಲೇ ಫ್ರೀ. ಹೋಟೆಲ್ ರೇಟ್ ಮಾತ್ರ ಕೇಳೋ ಹಂಗಿರಲಿಲ್ಲ, ಆದ್ರೆ ಅಲ್ಲಿರೋರು ತಮ್ಮ ಕಡೆಯೋರನ್ನ ಗೆಸ್ಟ್ ಅಂತ ರಿಜಿಸ್ಟರ್ ಮಾಡಿಸಿ ಮನೇಲೇ ಇಟ್ಕೋಬಹುದಿತ್ತು, ನನ್ನ ಸ್ಕೂಲ್ ದೋಸ್ತ್ ಒಬ್ಬ ಮನ್ಸೂರಾ ಅನ್ನೋ ಏರಿಯಾದಲ್ಲಿ ಶೇರಿಂಗ್ ರೂಮಲ್ಲಿದ್ದ, "ಬಾರಲೇ, ಆದ್ರೆ ಖಾರ ಮಂಡಕ್ಕಿ ಇಲ್ದೆ ಬಂದ್ರೆ ಕೆಳಗೇ ಮಲಗ್ಬೇಕು" ಅಂದ. ತಗೊಂಡು ಹೋದೆ, ಆದ್ರೂ ಕೆಳಗೇ ಮಲಗಿದ್ದು, ಆ ರೂಮಲ್ಲಿ ಮಂಚ ಹಾಕೋಕೆ ಜಾಗ ಎಲ್ಲೈತೆ. ಬೆಂಗಳೂರಿಂದ ದೋಹಾಗೆ ನಾಲ್ಕು ನಾಲ್ಕೂವರೆ ತಾಸು, ದಾವಣಗೆರೆಯಿಂದ ಟ್ರೈನ್ ಹಿಡಿದು ಬೆಂಗಳೂರು ಏರ್‌ಪೋರ್ಟ್ ಮುಟ್ಟೋಕೇ ಅದಕ್ಕಿಂತ ಜಾಸ್ತಿ ಹಿಡೀತು.

ಎಂಟು ಸ್ಟೇಡಿಯಮ್ಮೂ ಹೆಚ್ಚುಕಡಿಮೆ ಒಂದೇ ಊರಿನ ಸುತ್ತಮುತ್ತ, ಅದೇ ಈ ವರ್ಲ್ಡ್ ಕಪ್ಪಿನ ವಿಶೇಷ. ಶುರುವಲ್ಲಿ ದಿನಕ್ಕೆ ನಾಲ್ಕು ಮ್ಯಾಚು, ಮಧ್ಯಾಹ್ನ ಒಂದಕ್ಕೆ, ನಾಲ್ಕಕ್ಕೆ, ಏಳಕ್ಕೆ, ರಾತ್ರಿ ಹತ್ತಕ್ಕೆ, ಮನಸ್ಸು ಮಾಡಿದ್ರೆ ಒಂದು ಮುಗಿಸಿ ಇನ್ನೊಂದಕ್ಕೆ ಮೆಟ್ರೋದಲ್ಲೇ ಹೋಗಬಹುದು. ಊರಲ್ಲಿ ಆ ಹತ್ತರ ಮ್ಯಾಚಿಗೆ ರಾತ್ರಿ ಹನ್ನೆರಡೂವರೆವರೆಗೆ ಕಣ್ಣು ಬಿಟ್ಕೊಂಡು ಕೂತಿರಬೇಕು. ಸಂಜೆ ಆದ್ರೆ ಎಲ್ಲರೂ ಸೂಕ್ ವಾಕಿಫ್ ಅನ್ನೋ ಹಳೇ ಪೇಟೆಗೆ ಬರ್ತಿದ್ರು. ಅಲ್ಲಿ ಎತ್ತರದ ಕುರ್ಚಿ ಮೇಲೆ ಒಬ್ಬ ಹುಡುಗ ಕೂತ್ಕೊಂಡು ದೊಡ್ಡ ಸ್ಪಂಜಿನ ಕೈ ತೋರಿಸಿ "ಮೆಟ್ರೋ!" ಅಂತಾನೆ, ಜನ ಎಲ್ಲ "ದಿಸ್ ವೇ!" ಅಂತಾರೆ, ಒಂದು ಸಲ ಕೇಳಿದ್ರೆ ರಾತ್ರಿ ನಿದ್ದೇಲೂ ಅದೇ. ಸ್ಟೇಡಿಯಂ ಹತ್ರ ಬಿಯರ್ ಮಾರಲ್ಲ ಅಂತ ಟೂರ್ನಿಗೆ ಎರಡೇ ದಿನ ಇದ್ದಾಗ ಹೇಳಿದ್ರು, ಫ್ಯಾನ್ ಫೆಸ್ಟಿವಲ್ಲಲ್ಲಿ ಸಿಗ್ತಿತ್ತು, ಒಂದಕ್ಕೆ 50 ರಿಯಾಲ್, ಅಂದ್ರೆ ಸಾವಿರದ ಮೇಲೆ. ನಾವು ಮಲಯಾಳಿ ಕೆಫೆಟೇರಿಯಾದ ಕರಕ್ ಚಾದಲ್ಲೇ ಸುಖವಾಗಿದ್ವಿ, ಏಲಕ್ಕಿ ಹಾಕಿ ಚೆನ್ನಾಗಿ ಕುದಿಸಿದ ಗಟ್ಟಿ ಚಾ, ಪೇಪರ್ ಕಪ್ಪಿನ ಅಂಚಿಗೆ ಕೆನೆ ಅಂಟ್ಕೊಂಡಿರುತ್ತೆ.

ಈಗ ಅಸಲಿ ವಿಷಯ. ಟೂರ್ನಿ ಶುರುವಾಗೋ ಮುಂಚೆ ದೋಹಾದ ಸಮುದ್ರದ ದಂಡೆ ಮೇಲೆ ನಮ್ಮೋರು, ಜಾಸ್ತಿ ಕೇರಳದೋರು, ಅರ್ಜೆಂಟೀನಾ ಬ್ರೆಜಿಲ್ ಇಂಗ್ಲೆಂಡ್ ಜೆರ್ಸಿ ಹಾಕ್ಕೊಂಡು ಡೋಲು ಬಡಿದು ಮೆರವಣಿಗೆ ಮಾಡಿದ್ರು, ಆ ವಿಡಿಯೋ ನೋಡಿ ಯುರೋಪಿನ ಕಡೆಯೋರು ಇವರು ದುಡ್ಡು ಕೊಟ್ಟು ಕರೆಸಿದ ನಕಲಿ ಫ್ಯಾನ್ಸ್ ಅಂತ ಬರೆದ್ರು. ಕೋಳಿಕ್ಕೋಡ್ ಹತ್ರ ಪುಳ್ಳಾವೂರ್ ಹೊಳೇಲಿ ಮೆಸ್ಸಿ ಕಟೌಟ್ ನಿಲ್ಲಿಸಿದ ಜನಕ್ಕೆ ಯಾರು ದುಡ್ಡು ಕೊಡಬೇಕ್ರಿ? ಫಿಫಾ ಅಧ್ಯಕ್ಷ ಇನ್ಫಾಂಟಿನೋ ಇದು ರೇಸಿಸಂ ಅಂದ, ಸರಿಯಾಗೇ ಅಂದ, ಆದ್ರೆ ಅದೇ ಪ್ರೆಸ್‌ಮೀಟಲ್ಲಿ ಇವತ್ತು ನನಗೆ ನಾನೇ ವಲಸೆ ಕಾರ್ಮಿಕ ಅನ್ನಿಸ್ತಿದೆ ಅಂತಲೂ ಅಂದ, ಅಲ್ಲಿಗೆ ಅವನ ಮಾತಿನ ತೂಕ ಹೋಯ್ತು.

ನನ್ನ ಮೈಮೇಲೂ ನಮ್ಮೂರ ಪಿ.ಬಿ. ರೋಡಲ್ಲಿ ತಗೊಂಡ ಡೂಪ್ಲಿಕೇಟ್ ಮೆಸ್ಸಿ ಜೆರ್ಸಿ, ಹತ್ತನೇ ನಂಬರಿಂದು. ಲುಸೈಲ್ ಸ್ಟೇಡಿಯಂಗೆ ಹೋಗೋ ರೆಡ್ ಲೈನ್ ಮೆಟ್ರೋದಲ್ಲಿ ಅಗಲ ಟೋಪಿಯ ಮೆಕ್ಸಿಕೋದೋನು ಒಬ್ಬ ಕೇಳಿದ, ನಿಮ್ಮ ದೇಶ ಆಡ್ತಾ ಇಲ್ಲ, ನೀನ್ಯಾಕೆ ಬಂದೆ? ನಾನು ಮೆಸ್ಸಿ ಅಂದೆ. ಅವನು ನಕ್ಕು, ನಾನೂ ಅವನನ್ನ ನೋಡೋಕೇ ಬಂದಿದ್ದು, ಆದ್ರೆ ಅವನು ಸೋಲ್ಬೇಕು ಅಂದ. ನಕಲಿ ಗಿಕಲಿ ಅನ್ನೋದು ಬರೆಯೋರ ತಲೇಲಿತ್ತು, ಡಬ್ಬೀಲಿ ಒತ್ಕೊಂಡು ನಿಂತೋರ ಹತ್ರ ಅದು ಇರಲೇ ಇಲ್ಲ. ನನ್ನ ಕೇಳಿದ್ರೆ ಪಾಸ್‌ಪೋರ್ಟ್ ನೋಡಿ ಟೀಮ್ ಹಿಡಿಯೋದು ಸುಲಭ, ಸಂಬಂಧವೇ ಇಲ್ಲದ ದೇಶ ಸೋತಾಗ ಎರಡು ದಿನ ಊಟ ಸೇರದೇ ಇರೋದು ಕಷ್ಟ.

ಸೋತೂ ಇತ್ತು. ನವೆಂಬರ್ 22ಕ್ಕೆ ಸೌದಿ 2-1 ಹೊಡೆದು ಅರ್ಜೆಂಟೀನಾದ ಸೋಲೇ ಇಲ್ಲದ 36 ಮ್ಯಾಚಿನ ಓಟ ನಿಲ್ಲಿಸಿತ್ತು, ಸೌದಿ ಹುಡುಗರು ನಮ್ಮ ಜೆರ್ಸಿ ಕಂಡಲ್ಲೆಲ್ಲ "ವೇರ್ ಈಸ್ ಮೆಸ್ಸಿ?" ಅಂತ ಕಾಡೋರು. ನನ್ನ ಟಿಕೆಟ್ ಇದ್ದಿದ್ದು 26ರ ಮೆಕ್ಸಿಕೋ ಮ್ಯಾಚಿಗೆ, ಇದೂ ಸೋತ್ರೆ ಮನೆಗೆ. ಲುಸೈಲ್ ಸ್ಟೇಡಿಯಂ ಹೊರಗಿಂದ ಬಂಗಾರದ ಬಣ್ಣ, ಒಳಗೆ ಆವತ್ತು 88,966 ಜನ, 1994ರ ಫೈನಲ್ ಆದ್ಮೇಲೆ ವರ್ಲ್ಡ್ ಕಪ್ಪಲ್ಲಿ ಅಷ್ಟು ಜನ ಸೇರಿದ್ದು ಆವತ್ತೇ ಅಂತೆ. ಫಸ್ಟ್ ಹಾಫ್ ಬಗ್ಗೆ ಬರೆಯೋಕೆ ಏನೂ ಇಲ್ಲ. 64ನೇ ನಿಮಿಷ ಡಿ ಮರಿಯಾ ಬಲಗಡೆಯಿಂದ ಬಾಲ್ ಒಳಗೆ ತಳ್ಳಿದ, ಮೆಸ್ಸಿ ಒಂದು ಟಚ್ ತಗೊಂಡ, ನಾನು ದೂರ ಆಯ್ತು ಹೊಡೀಬೇಡ ಅಂತ ಕನ್ನಡದಲ್ಲೇ ಕೂಗ್ತಿದ್ದೆ, ಅವನು ಹೊಡೆದ, ನೆಲ ಸವರ್ಕೊಂಡು ಹೋಯ್ತು, ಮೆಕ್ಸಿಕೋ ಗೋಲ್‌ಕೀಪರ್ ಒಚೋವಾ ಪೂರ್ತಿ ಚಾಚಿ ಬಿದ್ರೂ ಸಿಗಲಿಲ್ಲ, ಮೂಲೆಗೆ. ಆಮೇಲೆ ಏನಾಯ್ತು ಅಂತ ನೆಟ್ಟಗೆ ಹೇಳೋಕಾಗಲ್ಲ, ಪಕ್ಕದ ಮುದುಕಿ ಅಜ್ಜಿ, ಅರ್ಜೆಂಟೀನಾದೋರೇ, ನನ್ನ ತಲೆ ಹಿಡಿದು ಹಣೆಗೆ ಮುತ್ತು ಕೊಟ್ರು, ಏನೋ ಅಳ್ತಾ ಹೇಳಿದ್ರು, ನಾನೂ "ಹೌದಜ್ಜಿ ಹೌದಜ್ಜಿ" ಅಂದೆ. 87ಕ್ಕೆ ಎನ್ಜೋ ಫರ್ನಾಂಡೆಸ್ ಇನ್ನೊಂದು ಹಾಕಿದ, ಮುಗೀತು. ಆಚೆ ಬಂದು ಮೆಟ್ರೋ ಹತ್ತೋಕೆ ಕಬ್ಬಿಣದ ಬೇಲಿ ನಡುವೆ ಅತ್ಲಿಂದಿತ್ಲಾಗೆ ಸುತ್ತಿಸಿ ಸುತ್ತಿಸಿ ಬಿಟ್ರು, ದುಗ್ಗಮ್ಮನ ಜಾತ್ರೇಲಿ ನುಗ್ಗಿ ಅಭ್ಯಾಸ ಇರೋರಿಗೂ ಸಾಕು ಸಾಕು ಅನ್ನಿಸೋ ಅಷ್ಟು.

ಮರುದಿನ ಅದೇ ಕೆಫೆಟೇರಿಯಾದಲ್ಲಿ ನಿಜಾಮಾಬಾದ್ ಕಡೆ ಒಬ್ಬರು ಸಿಕ್ಕಿದ್ರು, ನನ್ನ ಜೆರ್ಸಿ ನೋಡಿ ಅವರೇ ಮಾತಾಡಿಸಿದ್ರು, ಅರ್ಧ ತೆಲುಗು ಅರ್ಧ ಹಿಂದಿ. ಲುಸೈಲ್ ಕಟ್ಟುವಾಗ ಸೆಂಟ್ರಿಂಗ್ ಕೆಲಸ ಮಾಡಿದ್ದರಂತೆ. ಮ್ಯಾಚ್ ನೋಡಿದ್ರಾ ಅಣ್ಣಾ ಅಂದೆ, ನೋಡಿದೆ, ಇಂಡಸ್ಟ್ರಿಯಲ್ ಏರಿಯಾ ಹತ್ರ ಕ್ರಿಕೆಟ್ ಸ್ಟೇಡಿಯಮ್ಮಲ್ಲಿ ದೊಡ್ಡ ಸ್ಕ್ರೀನ್ ಹಾಕಿದಾರೆ, ಅಲ್ಲಿ ಅಂದ್ರು. ನಾನು ಫೋನಲ್ಲಿದ್ದ ಗೋಲಿನ ವಿಡಿಯೋ ತೋರಿಸಿದೆ. ಅವರು ಗೋಲ್ ನೋಡಲಿಲ್ಲ, ನಿಲ್ಲಿಸು ಅಂತ ಹೇಳಿ ಸ್ಕ್ರೀನನ್ನ ಎರಡು ಬೆರಳಲ್ಲಿ ದೊಡ್ಡದು ಮಾಡಿ, ಹಿಂದೆ ಕಾಣ್ತಿದ್ದ ಮೇಲಿನ ಸ್ಟ್ಯಾಂಡ್ ತೋರಿಸಿ, ಇಲ್ಲಿ, ಈ ಮೆಟ್ಟಿಲ ಹತ್ರ, ಅಂದ್ರು. ಕೂತ್ರೆ ಗ್ರೌಂಡ್ ಚೆನ್ನಾಗಿ ಕಾಣುತ್ತಾ ಅಂತ ಕೇಳಿದ್ರು, ಅವರು ಇದ್ದಾಗ ಹುಲ್ಲೇ ಹಾಕಿರಲಿಲ್ಲವಂತೆ. ಕತಾರಿಗೆ ವರ್ಲ್ಡ್ ಕಪ್ ಸಿಕ್ಕ ಮೇಲಿನ ಹತ್ತು ವರ್ಷದಲ್ಲಿ ಇಂಡಿಯಾ ಸೇರಿ ನಮ್ಮ ಸುತ್ತಮುತ್ತಲಿನ ಐದು ದೇಶದ 6,500ಕ್ಕೂ ಹೆಚ್ಚು ಕೆಲಸಗಾರರು ಅಲ್ಲಿ ಸತ್ತಿದಾರೆ ಅಂತ ಗಾರ್ಡಿಯನ್ ಪತ್ರಿಕೆ 2021ರಲ್ಲಿ ಬರೆದಿತ್ತು, ಎಲ್ಲ ಸ್ಟೇಡಿಯಂ ಕೆಲಸದಲ್ಲೇ ಅಂತಲ್ಲ, ಎಲ್ಲ ಕಾರಣಕ್ಕೂ ಸೇರಿ. ಊರಲ್ಲಿ ಓದಿದಾಗ ಅದು ಬರೀ ನಂಬರಾಗಿತ್ತು. ಚಾದ ದುಡ್ಡು ನಾನು ಕೊಡ್ತೀನಿ ಅಂದ್ರೆ ಅವರು ಬಿಡಲಿಲ್ಲ, ನೀನು ಗೆಸ್ಟು ಅಂದ್ರು.

ಡಿಸೆಂಬರ್ 18ರ ಫೈನಲ್ ಹೊತ್ತಿಗೆ ನಾನು ಊರಿಗೆ ಬಂದಾಗಿತ್ತು, 3-3 ಆಗಿ ಅರ್ಜೆಂಟೀನಾ ಪೆನಾಲ್ಟೀಲಿ ಗೆದ್ದಿದ್ದು ಟಿವೀಲೇ ನೋಡಿದ್ದು, ಅದಕ್ಕೇನೂ ಬೇಜಾರಿಲ್ಲ. 2026ರದ್ದು ಅಮೆರಿಕ, ಕೆನಡಾ, ಮೆಕ್ಸಿಕೋ ಸೇರಿ 16 ಊರು, ಒಂದು ಮ್ಯಾಚಿಂದ ಇನ್ನೊಂದಕ್ಕೆ ವಿಮಾನ ಹತ್ತಬೇಕು, ಮೇಲೆ ಅಮೆರಿಕ ವೀಸಾ ಇಂಟರ್‌ವ್ಯೂ ಬೇರೆ, ನಮ್ಮಂಥೋರಿಗೆ ಆಗೋ ಮಾತಲ್ಲ. 2034ರದ್ದು ಸೌದಿಗೆ ಕೊಟ್ಟಿದಾರೆ, ಹತ್ರಾನೇ ಐತೆ, ಅದಕ್ಕೇ ದೋಸ್ತ್‌ಗೆ ಹೆಂಗಾದ್ರೂ ಮಾಡಿ ರಿಯಾದ್ ಕಡೆ ಕೆಲಸ ನೋಡ್ಕೊಳಲೇ ಅಂತ ತಲೆ ತಿಂತಿದೀನಿ, ಅವನು ನೋಡಿದ್ರೆ ನಮ್ಮೂರ ವಿದ್ಯಾನಗರದಲ್ಲಿ ಸೈಟ್ ರೇಟ್ ವಿಚಾರಿಸ್ತಾ ಕೂತಿದಾನೆ.