‘ಯಾರಾದ್ರೂ’ ಅನ್ನುವ ಮಾತು ಬಿಟ್ಟ ದಿನ

13 ಮಾರ್ಚ್ 2025, ಗುರುವಾರ, ರಾತ್ರಿ

ಬೆಳಗಿನ ಮೀಟಿಂಗ್‌ನಿಂದ ಬಂದಾಗಿನಿಂದ ಇದನ್ನು ಬರೆದಿಡಬೇಕು ಅನ್ನಿಸುತ್ತಿತ್ತು. ಈಗ ಬಿಡುವು ಸಿಕ್ಕಿತು.

ರಟ್ಟಿನ ಪೆಟ್ಟಿಗೆ ಮಾಡುವುದು ನನ್ನ ಕೆಲಸ. ವ್ಯವಹಾರದವರು ಒಬ್ಬರಿಗೊಬ್ಬರು ಗಿರಾಕಿಗಳ ಪರಿಚಯ ಮಾಡಿಸುವ ಈ ನೆಟ್‌ವರ್ಕಿಂಗ್ ಗುಂಪಿಗೆ ಸೇರಿ ಐದು ತಿಂಗಳಾಯಿತು. ವಾರಕ್ಕೊಂದು ಮೀಟಿಂಗ್. ಒಬ್ಬೊಬ್ಬರಿಗೂ ಒಂದು ನಿಮಿಷ ಮಾತಾಡಲು ಅವಕಾಶ. ನಾನು ಪ್ರತಿ ಸಲ ಹೇಳುತ್ತಿದ್ದುದು ಒಂದೇ ಮಾತು: “ಎಲ್ಲಾ ಥರದ ಪೆಟ್ಟಿಗೆ ಮಾಡಿಕೊಡುತ್ತೇವೆ. ಯಾರಿಗಾದ್ರೂ ಬೇಕಿದ್ದರೆ ಹೇಳಿ.” ಎಲ್ಲರೂ ತಲೆಯಾಡಿಸುತ್ತಿದ್ದರು. ಆಮೇಲೆ ಒಂದು ಫೋನೂ ಬರುತ್ತಿರಲಿಲ್ಲ.

ಹೋದ ವಾರ ಲೆಕ್ಕಪತ್ರ ನೋಡುವ ಮೇಡಂ ಒಬ್ಬರು ಪಕ್ಕಕ್ಕೆ ಕರೆದು ಹೇಳಿದರು: “ಸರ್, ನಿಮಗೆ ಸಹಾಯ ಮಾಡಬೇಕು ಅಂತ ಆಸೆ ಇದೆ. ಆದರೆ ನೀವು ‘ಯಾರಾದ್ರೂ’ ಅಂದಾಗ ನನಗೆ ಯಾರ ಮುಖವೂ ನೆನಪಾಗೋದಿಲ್ಲ.”

ಆ ಮಾತು ವಾರಪೂರ್ತಿ ತಲೆಯಲ್ಲೇ ಇತ್ತು. ಇವತ್ತು ಬೇರೆ ಥರ ಹೇಳಿದೆ. ಒಳಗೆ ಖಾನೆಗಳಿರುವ 5 ಪ್ಲೈ (ಐದು ಪದರದ ರಟ್ಟಿನ) ಪೆಟ್ಟಿಗೆಯೊಂದನ್ನು ಕೈಯಲ್ಲಿ ಹಿಡಿದು ನಿಂತೆ. “ಗಾಜಿನ ಬಾಟಲಿಯಲ್ಲಿ ಸರಕು ತುಂಬಿ ಕೊರಿಯರ್‌ನಲ್ಲಿ ಕಳಿಸುವವರು, ದಾರಿಯಲ್ಲೇ ಒಡೆದು ಹೋಗ್ತಿದೆ ಅಂತ ಬೇಸತ್ತಿರುವವರು ನಿಮಗೆ ಗೊತ್ತಾ? ಅಂಥ ಕಡೆ ಖರೀದಿ ನೋಡಿಕೊಳ್ಳುವವರ ಪರಿಚಯ ಬೇಕು.” ಇಷ್ಟೇ ಹೇಳಿದ್ದು. ನಿಮಿಷ ಕೂಡ ಆಗಲಿಲ್ಲ. ಮೂರು ಕೈ ಮೇಲೆದ್ದವು!

ಅದರಲ್ಲಿ ಒಬ್ಬರು ಲೇಬಲ್ ಪ್ರಿಂಟ್ ಮಾಡುವವರು. ಬಾಟಲಿಗೆ ಅಂಟಿಸುವ ಲೇಬಲ್ ಅವರದು, ಬಾಟಲಿ ಹೋಗುವ ಪೆಟ್ಟಿಗೆ ನನ್ನದು. ಗಿರಾಕಿ ಒಬ್ಬರೇ, ನಮ್ಮಿಬ್ಬರ ನಡುವೆ ಪೈಪೋಟಿ ಇಲ್ಲ. ಐದು ತಿಂಗಳು ಒಂದೇ ಕೋಣೆಯಲ್ಲಿ ಕೂತಿದ್ದೆವು, ಇದು ನನಗೆ ಹೊಳೆದಿರಲೇ ಇಲ್ಲ. ಇಷ್ಟು ದಿನ ನಾನು ಆ ಕೋಣೆಯಲ್ಲಿ ಗಿರಾಕಿಗಳನ್ನು ಹುಡುಕುತ್ತಿದ್ದೆ. ಗಿರಾಕಿ ಇದ್ದದ್ದು ಕೋಣೆಯ ಹೊರಗೆ, ಅಲ್ಲಿ ಕೂತವರ ಪರಿಚಯದಲ್ಲಿ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಲೇಖನವೊಂದು ಇದೇ ವಿಷಯ ಹೇಳುತ್ತದೆ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಕೇಳಿದ್ದರು: ಆ ಪರಿಚಯದವರನ್ನು ಎಷ್ಟು ಸಲ ಭೇಟಿಯಾಗ್ತಿದ್ರಿ? ಪದೇ ಪದೇ ಅಂದವರು ಶೇ. 16.7. ಆಗೊಮ್ಮೆ ಈಗೊಮ್ಮೆ ಅಂದವರು ಶೇ. 55.6. ಅಪರೂಪಕ್ಕೆ ಅಂದವರು ಶೇ. 27.8. ಈ ಲೆಕ್ಕ 54 ಜನರದ್ದು ಮಾತ್ರ, ನಿಜ. ಆದರೆ ಕಾರಣ ಮನಸ್ಸಿಗೆ ಒಪ್ಪುತ್ತದೆ. ಆಪ್ತ ಗೆಳೆಯರಿಗೆ ಗೊತ್ತಿರುವವರು ಬಹುಪಾಲು ನಮಗೂ ಗೊತ್ತಿರುತ್ತಾರೆ. ವಾರಕ್ಕೊಮ್ಮೆ ಸಿಗುವವರ ಬಳಗವೇ ಬೇರೆ, ಅಲ್ವಾ?

ಲೇಬಲ್‌ನವರು ಅಲ್ಲೇ ಫೋನ್ ನಂಬರ್ ಕೊಡಲು ಹೊರಟಿದ್ದರು. ನಾನು ಕೇಳಿಕೊಂಡೆ: “ಸರ್, ಮೊದಲು ನೀವೇ ಒಂದು ಮಾತು ಅವರಿಗೆ ಹೇಳಿಬಿಡಿ. ಆಮೇಲೆ ನಾನು ಮಾಡ್ತೀನಿ.” ಬರೀ ನಂಬರ್ ಹಿಡಿದು ಫೋನ್ ಮಾಡಿದರೆ ನಾನು ಅವರಿಗೆ ಇನ್ನೊಬ್ಬ ಮಾರಾಟದವನು, ಅಷ್ಟೇ.

ಇಲ್ಲಿ ಡಿಸೆಂಬರ್‌ನಲ್ಲಿ ನಡೆದದ್ದನ್ನೂ ಬರೆಯಲೇಬೇಕು. ಸಾಗಾಣಿಕೆ ವ್ಯವಹಾರದವರು ಒಬ್ಬರ ಪರಿಚಯ ಮಾಡಿಸಿದ್ದರು. ಆಗ ಆರ್ಡರ್ ಜಾಸ್ತಿ ಇತ್ತು, ನಾಳೆ ಮಾಡೋಣ ಅಂತ ಹತ್ತು ದಿನ ತಳ್ಳಿದೆ. ನಾನು ಫೋನ್ ಮಾಡುವ ಹೊತ್ತಿಗೆ ಅವರು ಬೇರೆಯವರಿಗೆ ಆರ್ಡರ್ ಕೊಟ್ಟಾಗಿತ್ತು. ಆರ್ಡರ್ ಹೋದದ್ದಕ್ಕಿಂತ ಜಾಸ್ತಿ ನೋವಾದದ್ದು ಇನ್ನೊಂದಕ್ಕೆ. ಪರಿಚಯ ಮಾಡಿಸಿದವರು ತಮ್ಮ ಹೆಸರನ್ನು ನನಗಾಗಿ ಪಣಕ್ಕಿಟ್ಟಿದ್ದರು. ತಮ್ಮ ಗಿರಾಕಿಯ ಎದುರು ಅವರ ಮಾತಿನ ತೂಕ ಕಡಿಮೆಯಾಯಿತು. ಅವರು ನನಗೆ ಏನೂ ಅನ್ನಲಿಲ್ಲ. ಆದರೆ ಆಮೇಲೆ ಇನ್ನೊಂದು ಪರಿಚಯವನ್ನೂ ಮಾಡಿಸಿಲ್ಲ. ಇವತ್ತು ಅವರ ಬಳಿ ಹೋಗಿ ಕ್ಷಮೆ ಕೇಳಿದೆ. “ಆಯ್ತು ಬಿಡಿ ಸರ್” ಅಂದರು. ಬರೀ ಕ್ಷಮೆ ಸಾಲದು. ಅವರಿಗೆ ಎಂಥ ಗಿರಾಕಿ ಬೇಕು ಅಂತ ಕೇಳಿ ಬರೆದುಕೊಂಡೆ: ತಿಂಗಳಿಗೆ ನಾಲ್ಕೈದು ಸಲ ಅರ್ಧ ಲಾರಿ ಲೋಡ್ ಕಳಿಸುವವರು. ನನ್ನಿಂದ ಪೆಟ್ಟಿಗೆ ತೆಗೆದುಕೊಳ್ಳುವವರಲ್ಲೇ ಅಂಥವರು ಇಬ್ಬರಿದ್ದಾರೆ! ಡಿಸೆಂಬರ್‌ನಲ್ಲೇ ಕೇಳಿದ್ದರೆ ಆಗಲೇ ಹೇಳಬಹುದಿತ್ತು.

ಬಂದ ವಿಸಿಟಿಂಗ್ ಕಾರ್ಡ್‌ಗಳ ಹಿಂದೆ ಅವರವರ ಬೇಡಿಕೆ ಬರೆದಿಟ್ಟಿದ್ದೇನೆ. ಒಟ್ಟು ಆರು ಕಾರ್ಡ್. ಹಿಂದೆಲ್ಲ ಇಪ್ಪತ್ತು ಸೇರಿಸಿಕೊಂಡು ಬರುತ್ತಿದ್ದೆ, ಒಂದು ವಾರದಲ್ಲಿ ಯಾರು ಯಾರು ಅಂತಲೇ ಮರೆಯುತ್ತಿತ್ತು. ಆರು ಸಾಕು.

ಮಂಗಳವಾರ ಲೇಬಲ್‌ನವರ ಪ್ರೆಸ್‌ಗೆ ಹೋಗುತ್ತೇನೆ. ಅವರ ಯಂತ್ರ, ಅವರ ಕೆಲಸ ಕಣ್ಣಾರೆ ನೋಡದೆ ಇನ್ನೊಬ್ಬರಿಗೆ ಅವರ ಬಗ್ಗೆ ಏನಂತ ಹೇಳಲಿ? 1905ರಲ್ಲಿ ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಮತ್ತು ಗೆಳೆಯರು ರೋಟರಿ ಶುರು ಮಾಡಿದಾಗ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು. ‘ರೋಟರಿ’ ಅಂದರೆ ಸುತ್ತುವಂಥದ್ದು, ಆ ಹೆಸರು ಬಂದದ್ದೇ ಅದರಿಂದ. ಆ ಪದ್ಧತಿ ನನಗೆ ತುಂಬಾ ಇಷ್ಟ.

ಸಾಗಾಣಿಕೆಯವರ ವಿಷಯ ಆ ಇಬ್ಬರು ಗಿರಾಕಿಗಳಿಗೂ ಈಗಷ್ಟೇ ಮೆಸೇಜ್ ಮಾಡಿದೆ. ಒಬ್ಬರು ಆಗಲೇ ಉತ್ತರ ಕೊಟ್ಟರು: “ಶನಿವಾರ ಮಾತಾಡಿಸಿ.”