"ಅಕ್ಕ, ಮದುವೆಗೆ ಹೋಗ್ತಿದೀನಿ, ಮೇಕಪ್ ಏನು ಹಾಕ್ಕೊಳ್ಳಲಿ?"

ಲಗ್ನಪತ್ರಿಕೆ ಕೈಗೆ ಬಂದ ಕೂಡಲೇ ನನಗೆ ಫೋನ್ ಬರಲು ಶುರು. "ಅಕ್ಕ, ಅತ್ತಿಗೆ ತಂಗಿ ಮದುವೆ. ಗಿಳಿಹಸಿರು ಸೀರೆ ಉಡ್ತಿದೀನಿ. ಮೇಕಪ್ ಏನು ಹಾಕ್ಕೊಳ್ಳಲಿ?" ಹಾಸನದಲ್ಲಿ 12 ವರ್ಷದಿಂದ ಪಾರ್ಲರ್ ನಡೆಸುತ್ತಿದ್ದೇನೆ. ಮದುಮಗಳಿಗಿಂತ ಮದುವೆಗೆ ಹೋಗುವವರೇ ಇದನ್ನು ಜಾಸ್ತಿ ಕೇಳುತ್ತಾರೆ, ಎಲ್ಲರೂ ಸೀರೆ ಬಣ್ಣ ಹೇಳಿಯೇ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಬೇರೆ. ಹೋಗುತ್ತಿರುವುದು ಆರತಕ್ಷತೆಗೋ, ಧಾರೆಗೋ? ಮದುವೆ ಯಾವ ಊರಲ್ಲಿ? ಹೋಮದ ಹತ್ತಿರ ಕೂರುವ ನೆಂಟರೋ, ಊಟ ಮಾಡಿ ಹೊರಡುವವರೋ? ಇಷ್ಟು ಗೊತ್ತಾದರೆ ಮುಕ್ಕಾಲು ಕೆಲಸ ಮುಗಿದ ಹಾಗೆ. ಸೀರೆ ಆಮೇಲೆ.

ಧಾರೆಯ ವಿಷಯ ಮೊದಲು ಹೇಳುತ್ತೇನೆ. ನಮ್ಮ ಕಡೆ ಎಷ್ಟೋ ಮದುವೆಗಳಲ್ಲಿ ನೆಂಟರಿಷ್ಟರೆಲ್ಲ ಸಾಲಾಗಿ ಬಂದು ಹುಡುಗ ಹುಡುಗಿಯ ಕೈಮೇಲೆ ಹಾಲು ಎರೆಯುತ್ತಾರಲ್ವಾ, ಅವರ ಆಲ್ಬಂನಲ್ಲಿ ನಿಮ್ಮ ಮುಖ ಉಳಿಯುವುದು ಆ ಗಳಿಗೆಯಲ್ಲೇ. ಮನೆಯಲ್ಲಿರುವ ಹಳೇ ಆಲ್ಬಂ ತೆಗೆದು ನೋಡಿ. ನೀವು ಬಗ್ಗಿದ್ದೀರಿ, ಕಣ್ಣು ಹಾಲಿನ ಮೇಲಿದೆ, ರೆಪ್ಪೆ ಇಳಿದಿದೆ, ಮುಖದ ಒಂದು ಪಕ್ಕ ಮಾತ್ರ ಕ್ಯಾಮೆರಾ ಕಡೆಗಿದೆ. ತುಟಿ ಸರಿಯಾಗಿ ಕಾಣುವುದೇ ಇಲ್ಲ. ಕಾಣುವುದು ರೆಪ್ಪೆ, ಬೈತಲೆ, ಕಿವಿ ಹತ್ತಿರದ ಕೆನ್ನೆ, ಕುತ್ತಿಗೆ. ನಾವೋ, ಕನ್ನಡಿ ಮುಂದೆ ನೆಟ್ಟಗೆ ನಿಂತು ತುಟಿಗೆ ಹತ್ತು ನಿಮಿಷ ಕೊಡುತ್ತೇವೆ, ಕಿವಿ ಹತ್ತಿರ ಕ್ರೀಮ್ ಎಲ್ಲಿ ನಿಂತಿದೆ ಅಂತ ನೋಡುವುದಿಲ್ಲ. ಹಾಗಾಗಿ ಮೇಕಪ್ ಮುಗಿದ ಮೇಲೆ ತಲೆ ತಗ್ಗಿಸಿ ನಿಂತು, ಪಕ್ಕದಿಂದ ಒಂದು ಫೋಟೋ ತೆಗೆಯಲು ಮನೆಯವರಿಗೆ ಹೇಳಿ. ಫ್ಲ್ಯಾಶ್ ಹಾಕಿಯೇ ತೆಗೆಯಲಿ. ಜಿಂಕ್ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಇರುವ ಸನ್‌ಸ್ಕ್ರೀನ್, ಸಿಲಿಕಾ ಇರುವ ಬಿಳಿ ಪೌಡರ್ ಇವೆಲ್ಲ ಫ್ಲ್ಯಾಶ್ ಬೆಳಕನ್ನು ಹಾಗೇ ವಾಪಸ್ ಕಳಿಸುತ್ತವೆ, ಕನ್ನಡಿಯಲ್ಲಿ ಚೆನ್ನಾಗಿದ್ದ ಮುಖ ಫೋಟೋದಲ್ಲಿ ಬೂದಿ ಬಳಿದ ಹಾಗೆ ಬರುತ್ತದೆ. ಮನೆಯಲ್ಲೇ ಗೊತ್ತಾದರೆ ಒರೆಸಿಕೊಳ್ಳಬಹುದು.

ಈಗ ನನಗೆ ಸಂಕಟ ಆಗುವ ವಿಷಯ. ಕೆಲವು ವರ್ಷದ ಹಿಂದೆ ಚನ್ನರಾಯಪಟ್ಟಣ ಕಡೆಯ ಹುಡುಗಿಯೊಬ್ಬಳು ಅಕ್ಕನ ಮದುವೆ ಫೋಟೋ ಹಿಡಿದುಕೊಂಡು ಬಂದಿದ್ದಳು. ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ, ಆರತಿ ತಟ್ಟೆ ಹಿಡಿದ ಕೈ ಇನ್ನೊಂದು ಬಣ್ಣ. ಅಂಗಡಿಯಲ್ಲಿ ಅವಳ ಬಣ್ಣದ ಫೌಂಡೇಶನ್ ಕೇಳಿದರೆ, "ಇದು ಹಾಕ್ಕೊಳ್ಳಮ್ಮ, ಬೆಳ್ಳಗೆ ಕಾಣ್ತೀಯ" ಅಂತ ಎರಡು ಶೇಡ್ ಬಿಳಿಯದು ಕೊಟ್ಟಿದ್ದರು. ಅವಳದು ಹದವಾಗಿ ಹುರಿದ ಕಾಫಿಬೀಜದ ಬಣ್ಣ, ಹೊಳೆಯುವ ಚರ್ಮ. ಆ ಹೊಳಪು ಪೂರ್ತಿ ಮುಚ್ಚಿ ಹೋಗಿತ್ತು. ಫೋಟೋದಲ್ಲಿ ತನ್ನನ್ನು ತಾನೇ ಬೆರಳಿಂದ ಮುಚ್ಚಿ ಹಿಡಿದು ನನಗೆ ತೋರಿಸುತ್ತಿದ್ದಳು. ನನಗೆ ಅದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. 2020ರಲ್ಲಿ ಫೇರ್ ಅಂಡ್ ಲವ್ಲಿ ತನ್ನ ಹೆಸರನ್ನು ಗ್ಲೋ ಅಂಡ್ ಲವ್ಲಿ ಅಂತ ಬದಲಾಯಿಸಿಕೊಂಡಿತು. ಮದುವೆ ಮನೆ ಮಾತು ಮಾತ್ರ ಬದಲಾಗಿಲ್ಲ. ದಯವಿಟ್ಟು ಬೆಳ್ಳಗೆ ಕಾಣಲು ಫೌಂಡೇಶನ್ ಕೊಳ್ಳಬೇಡಿ. ಕೈ ಮೇಲೆ ಹಚ್ಚಿ ನೋಡಿದರೂ ಸಾಲದು, ಕೈ ಬಣ್ಣ ಬೇರೆ ಇರುತ್ತದೆ. ದವಡೆಯಿಂದ ಕುತ್ತಿಗೆವರೆಗೆ ಒಂದು ಗೆರೆ ಎಳೆದುಕೊಂಡು, ಅಂಗಡಿಯ ಟ್ಯೂಬ್‌ಲೈಟ್ ಬಿಟ್ಟು ಬಾಗಿಲ ಹೊರಗೆ ಬೆಳಕಲ್ಲಿ ನೋಡಿ. ಆಮೇಲೆ ಹೋಗಿ ಒಂದು ಕಾಫಿ ಕುಡಿದು ಬಂದು ಮತ್ತೆ ನೋಡಿ, ಯಾಕಂದರೆ ಕೆಲವು ಫೌಂಡೇಶನ್ ಹಚ್ಚಿದ ಹದಿನೈದು ಇಪ್ಪತ್ತು ನಿಮಿಷಕ್ಕೆ ಒಂದು ಸುತ್ತು ಗಾಢ ಆಗುತ್ತವೆ. ಗೆರೆ ಎಲ್ಲಿದೆ ಅಂತ ಹುಡುಕಬೇಕಾದರೆ ಅದೇ ನಿಮ್ಮ ಶೇಡ್. ಸಿಗಲಿಲ್ಲವಾ? ಫೌಂಡೇಶನ್ನೇ ಬೇಡ. ಮಾಯಿಶ್ಚರೈಸರ್ ಹಚ್ಚಿ, ಕಣ್ಣಿನ ಕೆಳಗೆ ಮತ್ತು ಕಲೆ ಇರುವ ಕಡೆ ಮಾತ್ರ ಚೂರು ಕನ್ಸೀಲರ್ ಒತ್ತಿ. ಬೆಳಗಿನ ಧಾರೆಗೆ ಅಷ್ಟು ಧಾರಾಳ ಸಾಕು.

ಊರು ಯಾವುದು ಅಂತ ಯಾಕೆ ಕೇಳುತ್ತೇನೆ ಅಂದರೆ, ಅರಸೀಕೆರೆಯ ಏಪ್ರಿಲ್ ಬೇರೆ, ಮೂಡಿಗೆರೆಯ ಡಿಸೆಂಬರ್ ಬೇರೆ. ಬಯಲು ಕಡೆ ಬೇಸಿಗೆಯಲ್ಲಿ ಶಾಮಿಯಾನದ ಕೆಳಗೆ ಬೆವರು ಹರಿಯುತ್ತದೆ, ಅಲ್ಲಿ ಕ್ರೀಮ್ ಕಡಿಮೆ ಇರಬೇಕು, ಜೊತೆಗೆ ಬೆವರು ಒತ್ತಿ ತೆಗೆಯಲು ಹತ್ತಿ ಕರ್ಚೀಫ್ ಇರಬೇಕು. ಬೆವರಿನ ಮೇಲೆ ಮತ್ತೆ ಮತ್ತೆ ಪೌಡರ್ ಹಾಕಿದರೆ ಗಂಟು ಗಂಟಾಗುತ್ತದೆ. ಮಲೆನಾಡಿನ ಚಳಿಯಲ್ಲಿ ಕಷ್ಟವೇ ಬೇರೆ. ಬೆಳಗ್ಗೆ ಐದಕ್ಕೆ ಎದ್ದು ಹಂಡೆ ನೀರಲ್ಲಿ ಸ್ನಾನ ಮಾಡಿ ಬಂದ ಮುಖ ಬಿರಿದಿರುತ್ತದೆ, ಮೂಗಿನ ಪಕ್ಕ ಸಿಪ್ಪೆ ಎದ್ದಿರುತ್ತದೆ. ಅದರ ಮೇಲೆ ಮ್ಯಾಟ್ ಫೌಂಡೇಶನ್ ಹಾಕಿದರೆ ಒಣಗಿದ ಕೆರೆ ತಳದ ಹಾಗೆ ಕಾಣುತ್ತದೆ. ಒದ್ದೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ, ಸೀರೆ ಉಟ್ಟು ಮುಗಿಸಿ, ಆಮೇಲೆ ಮುಖಕ್ಕೆ ಕೈ ಹಾಕಿ.

ಆರತಕ್ಷತೆಗೆ ನಾನು ಕೈ ಬಿಗಿ ಹಿಡಿಯುವುದಿಲ್ಲ. ಸ್ಟೇಜಿನ ದೀಪ, ವಿಡಿಯೋದವರ ಲೈಟು ಎಲ್ಲ ಸೇರಿ ಮುಖದ ಉಬ್ಬುತಗ್ಗನ್ನು ಅಳಿಸಿಬಿಡುತ್ತವೆ. ಅದಕ್ಕೆ ಕೆನ್ನೆಗೆ ಬಣ್ಣ, ಕಣ್ಣಿಗೆ ದಪ್ಪ ಲೈನರ್, ರೆಪ್ಪೆ ಮೇಲೆ ಚೂರು ಚಿನ್ನದ ಹೊಳಪು, ಎಲ್ಲವೂ ಇರಲಿ. ಮದುಮಗಳಿಗಿಂತ ಜಾಸ್ತಿ ಆಗುತ್ತಾ ಅಂತ ಹೆದರಬೇಡಿ, ಅಷ್ಟು ಒಡವೆ, ಹಾರದ ನಡುವೆ ಅವಳು ಅವಳೇ.

ಹೋಮದ ಹತ್ತಿರ ಕೂರುವವರಿಗೆ ಒಂದೇ ಮಾತು: ಕೆಳರೆಪ್ಪೆಗೆ ಕಾಡಿಗೆ ಬೇಡ. ನನ್ನ ಚಿಕ್ಕಪ್ಪನ ಮಗಳ ಮದುವೆಯಲ್ಲಿ ನಾನೇ ಹೊಗೆಗೆ ಕಣ್ಣೀರು ಹಾಕಿ, ಒರೆಸಿಕೊಂಡು, ಕೆನ್ನೆವರೆಗೆ ಕಪ್ಪು ಎಳೆದುಕೊಂಡಿದ್ದೆ. ಮೇಲಿನ ರೆಪ್ಪೆಗೆ ವಾಟರ್‌ಪ್ರೂಫ್ ಲೈನರ್ ಎಳೆದು ಬಿಟ್ಟುಬಿಡಿ. ಬಾಗಿಲಲ್ಲಿ ಪನ್ನೀರು ಚಿಮುಕಿಸಿದಾಗಲೂ ಅಷ್ಟೇ, ಹನಿ ಬಿದ್ದ ಕಡೆ ಉಜ್ಜಬೇಡಿ, ಕರ್ಚೀಫ್ ತುದಿ ಒತ್ತಿ.

ಇನ್ನು ತುಟಿ. ನೀರಿಗೆ ಹೋಗದ ಲಿಪ್‌ಸ್ಟಿಕ್ ಕೂಡ ತುಪ್ಪಕ್ಕೆ ಹೋಗುತ್ತದೆ. ಹೋಳಿಗೆ ಮೇಲೆ ತುಪ್ಪ ಬಡಿಸಿದರು ಅಂದರೆ ತುಟಿಯ ಒಳಭಾಗದ ಬಣ್ಣ ಎಲೆಗೆ ಬಂತು ಅಂತಲೇ ತಿಳಿಯಿರಿ. ಕಡುಗೆಂಪು ಹಚ್ಚಿದ್ದರೆ ಮಧ್ಯ ಖಾಲಿಯಾಗಿ ಸುತ್ತ ಒಂದು ಗೆರೆ ಉಳಿಯುತ್ತದೆ. ಊಟ ಬಿಡಿ ಅಂತ ನಾನು ಹೇಳುವುದಿಲ್ಲ, ಲಿಪ್‌ಸ್ಟಿಕ್‌ಗೋಸ್ಕರ ಹೋಳಿಗೆ ಬೇಡ ಅನ್ನುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ನಿಮ್ಮ ತುಟಿ ಬಣ್ಣಕ್ಕಿಂತ ಒಂದು ಸುತ್ತು ಗಾಢ ಇರುವುದನ್ನು ಆರಿಸಿ, ಒಂದು ಪದರ ಹಚ್ಚಿ ಟಿಶ್ಯೂಗೆ ಒತ್ತಿ ತೆಗೆದು, ಮತ್ತೊಂದು ಪದರ ಹಚ್ಚಿ. ಅರ್ಧ ಹೋದರೂ ಗೊತ್ತಾಗುವುದಿಲ್ಲ. ಎಲೆ ಅಡಿಕೆ ಹಾಕಿಕೊಂಡರೆ ಮೇಲಿಂದ ಕೆಂಪು ಅದೇ ಬರುತ್ತದೆ.

ಅಮ್ಮನ ಕಾಲದಲ್ಲಿ ಪಾಂಡ್ಸ್ ಪೌಡರ್, ಐಟೆಕ್ಸ್ ಕಾಡಿಗೆ, ಶಿಂಗಾರ್ ಕುಂಕುಮ ಇದ್ದರೆ ಮದುವೆಗೆ ಹೊರಟ ಹಾಗೆ. ಈಗ ಕಲ್ಲು ಕೂರಿಸಿದ ದೊಡ್ಡ ದೊಡ್ಡ ಸ್ಟಿಕ್ಕರ್ ಬಂದಿವೆ. ಅಗ್ಗದ ಸ್ಟಿಕ್ಕರಿನ ಅಂಟಿನಲ್ಲಿ ಪಿಟಿಬಿಪಿ ಅನ್ನುವ ರಾಸಾಯನಿಕ ಇರಬಹುದು, ಅದರಿಂದ ಕೆಲವರಿಗೆ ಹಣೆ ಮೇಲೆ ಬಿಳಿ ಮಚ್ಚೆ ಆಗುತ್ತದೆ. ಸ್ಟಿಕ್ಕರ್ ಕೆಳಗೆ ತುರಿಕೆ ಶುರುವಾದರೆ ಅವತ್ತೇ ಬಿಡಿ, ಮಚ್ಚೆ ಕಂಡರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಹೊಸ ಕ್ರೀಮ್ ಏನೇ ಇರಲಿ, ಮದುವೆಗೆ ಎರಡು ದಿನ ಮುಂಚೆ ಮೊಣಕೈ ಒಳಗೆ ಹಚ್ಚಿ ನೋಡಿ. ಡಬ್ಬಿ ಹಿಂದೆ ಮುಚ್ಚಳ ತೆಗೆದ ಡಬ್ಬಿಯ ಚಿಕ್ಕ ಚಿತ್ರ ಇರುತ್ತದೆ, ಅದರ ಮೇಲೆ '12ಎಂ' ಅಂತ ಇದ್ದರೆ ತೆರೆದ ಮೇಲೆ 12 ತಿಂಗಳು ಮಾತ್ರ. ಹೋದ ಸೀಸನ್ನಿನ ಮಸ್ಕಾರಾ ಎಸೆದುಬಿಡಿ, ಕಣ್ಣಿನ ವಿಷಯ.

ಆರತಕ್ಷತೆ ಮುಗಿಸಿ ಬಂದ ರಾತ್ರಿ ಎಷ್ಟೇ ಸುಸ್ತಾಗಿದ್ದರೂ ಹಾಗೇ ಮಲಗಬೇಡಿ. ವಾಟರ್‌ಪ್ರೂಫ್ ಲೈನರ್ ಸೋಪಿಗೆ ಹೋಗುವುದಿಲ್ಲ, ಎಣ್ಣೆಗೆ ಹೋಗುತ್ತದೆ. ಹತ್ತಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ, ಮುಚ್ಚಿದ ಕಣ್ಣಿನ ಮೇಲೆ ಅರ್ಧ ನಿಮಿಷ ಇಟ್ಟು, ಮೆಲ್ಲಗೆ ಕೆಳಗೆ ಎಳೆಯಿರಿ. ಮೊಡವೆ ಇರುವವರು ಎಣ್ಣೆಯನ್ನು ಕಣ್ಣಿಗಷ್ಟೇ ಇಟ್ಟುಕೊಳ್ಳಿ. ಹತ್ತಿಯಲ್ಲಿ ಕಪ್ಪು ಬರುವುದು ನಿಂತ ಮೇಲೆ ಮುಖ ತೊಳೆದು ಮಲಗಿ. ಬೆಳಗ್ಗೆ ಬೇಗ ಏಳಬೇಕು, ಧಾರೆ ಇದೆ.